ಹಿಂದೆ ನಿಂತು ಆಡುವವನು

ಕಾಲ್ಚೆಂಡಾಟ ನೋಡಲು ಹೋದ ನಾವು ಗೋಲು ಹೊಡೆದವನ ಹೆಸರನ್ನು ಮನೆಗೆ ಹೊತ್ತು ತರುತ್ತೇವೆ. ತಡೆದವನ ಹೆಸರನ್ನು ಮೈದಾನದಲ್ಲೇ ಬಿಟ್ಟು ಬರುತ್ತೇವೆ. ಕಾಲೇಜು ತಂಡದಲ್ಲಿ ಮೂರು ವರ್ಷ ಬ್ಯಾಕ್ ಸ್ಥಾನದಲ್ಲಿ ಆಡಿದ ನನಗೆ ಈ ಮಾತಿನಲ್ಲಿ ತುಸು ಸ್ವಾರ್ಥವಿದೆಯೆಂದು ವಾಚಕರು ಭಾವಿಸಿದರೆ ಅಡ್ಡಿಯಿಲ್ಲ.

ಬ್ರೆಜಿಲಿನ ನಿಲ್ಟನ್ ಸಾಂಟೋಸ್ ಹುಟ್ಟಿದ್ದು 1925ರಲ್ಲಿ. 1948ರಿಂದ 1964ರವರೆಗೆ ಬೊಟಾಫೋಗೋ ಎಂಬ ಒಂದೇ ಕ್ಲಬ್ಬಿಗೆ ಎಡಬದಿಯ ಬ್ಯಾಕ್ ಆಗಿ ಆಡಿದನು. ಆಟದ ಮರ್ಮವನ್ನೆಲ್ಲ ಬಲ್ಲವನೆಂದು ಜನ ಅವನನ್ನು ‘ವಿಶ್ವಕೋಶ’ವೆಂದೇ ಕರೆದರು. 1950ರ ವಿಶ್ವಕಪ್ ತಂಡದಲ್ಲಿದ್ದರೂ ಒಂದು ಪಂದ್ಯವೂ ದೊರೆಯಲಿಲ್ಲ. 1954ರಲ್ಲಿ ಹಂಗೆರಿಯೊಡನೆ ಆಡುವಾಗ ಹೊಡೆದಾಡಿ ಮೈದಾನದಿಂದ ಹೊರಗೆ ಕಳುಹಿಸಲ್ಪಟ್ಟನು. ಬ್ಯಾಕ್ ಆದವನು ತನ್ನ ಅರ್ಧವನ್ನು ದಾಟುವುದೇ ಅಧಿಕಪ್ರಸಂಗವೆನಿಸಿದ್ದ ಕಾಲದಲ್ಲಿ, 1958ರಲ್ಲಿ, ಆಸ್ಟ್ರಿಯಾದ ಎದುರು ಮುನ್ನುಗ್ಗಿ ಗೋಲನ್ನೇ ಹೊಡೆದನು. ಆ ವರ್ಷವೂ 1962ರಲ್ಲೂ ವಿಶ್ವಕಪ್ ಬ್ರೆಜಿಲಿನದಾಯಿತು.

ನನ್ನ ಮಿತ್ರರಿಗೆ ಪ್ರಿಯವಾದುದು 1962ರ ಒಂದು ಕಥೆ. ಸ್ಪೇನ್ 1–0ರಿಂದ ಮುಂದಿತ್ತು. ಪೆನಾಲ್ಟಿ ಆವರಣದೊಳಗೆ ಎದುರಾಳಿಯನ್ನು ಕೆಡವಿದ ನಿಲ್ಟನ್, ಏನೂ ಅರಿಯದವನಂತೆ ಹೆಜ್ಜೆಯಿಟ್ಟು ಗೆರೆಯ ಹೊರಗೆ ನಿಂತುಬಿಟ್ಟನು. ರೆಫರಿ ಮೋಸಹೋದನು, ಪೆನಾಲ್ಟಿ ತಪ್ಪಿತು. ಬ್ರೆಜಿಲ್ 2–1ರಿಂದ ಗೆದ್ದಿತು. ಇದನ್ನು ಜಾಣತನವೆಂದು ಕೊಂಡಾಡುವವರೊಡನೆ ನಾನು ಸೇರಲಾರೆ. ಅದೇ ಕೆಲಸವನ್ನು ಸ್ಪೇನಿನವನು ಮಾಡಿದ್ದರೆ ನಾವು ಅದಕ್ಕೆ ಇಡುತ್ತಿದ್ದ ಹೆಸರೇ ಬೇರೆ.

ನಾನು ಮೆಚ್ಚುವ ನಿಲ್ಟನ್ 1953ರವನು. ಅಂದು ಬೊಟಾಫೋಗೋ ಕ್ಲಬ್ಬಿಗೆ ಪರೀಕ್ಷೆಗೆ ಬಂದವನು ಗರಿಂಚಾ. ಗಿರಣಿ ಊರಿನ ಹುಡುಗ, ಎರಡು ಕಾಲೂ ಸೊಟ್ಟ. ಅವನನ್ನು ತಡೆಯಲು ನಿಂತವನು ಆಗಲೇ ಹೆಸರಾಂತ ನಿಲ್ಟನ್. ಹುಡುಗ ಅವನನ್ನು ಎಲ್ಲರೆದುರು ನಾಚಿಸುವಂತೆ ದಾಟಿಹೋದನು. ಆಟ ಮುಗಿದಮೇಲೆ, ಇವನನ್ನು ಬಿಡಬೇಡಿ, ಕೂಡಲೇ ಸೇರಿಸಿಕೊಳ್ಳಿ ಎಂದು ಕ್ಲಬ್ಬಿನವರಿಗೆ ಹೇಳಿದವನು ನಿಲ್ಟನ್ನನೇ. ಇಂಥವನು ಎದುರು ತಂಡದಲ್ಲಿರುವುದು ಬೇಡವೆಂಬ ಲೆಕ್ಕವೂ ಅದರಲ್ಲಿತ್ತಂತೆ, ಇರಲಿ. ಸೋತವನು ಗೆದ್ದವನ ಪರವಾಗಿ ಆಡಿದ ಮಾತು ಅದು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಒಳಗಿದ್ದವರೊಬ್ಬರು ‘ಇವನು ಬರಲಿ’ ಎನ್ನದಿದ್ದರೆ ಹೊರಗೆ ನಿಂತವನ ಪಾಡೇನೆಂಬುದನ್ನು ಬಲ್ಲೆ. ಪೆಟ್ಟು ತಿಂದವನ ಬಾಯಿಂದಲೇ ಆ ಮಾತು ಬರುವುದಂತೂ ಎಲ್ಲೋ ಒಮ್ಮೆ.

1962ರ ಕೊನೆಯ ಪಂದ್ಯದಲ್ಲಿ ಇಬ್ಬರೂ ಒಟ್ಟಿಗೆ ಆಡಿದರು. ನಿಲ್ಟನ್ನನಿಗಾಗ ಮೂವತ್ತೇಳು. 2013ರಲ್ಲಿ ಅವನು ತೀರಿಕೊಂಡನು; ಬೊಟಾಫೋಗೋ ಆಡುವ ಕ್ರೀಡಾಂಗಣಕ್ಕೆ ಇಂದು ಅವನ ಹೆಸರಿದೆ. ಗೆರೆ ದಾಟಿದ ಕಥೆಯನ್ನಷ್ಟೇ ಹೇಳುವ ಮಿತ್ರರೊಡನೆ ನನ್ನ ಜಗಳ ಮಾತ್ರ ಇನ್ನೂ ಮುಗಿದಿಲ್ಲ.