ಬಾಣಂತಿಯ ಮನೆಗೆ ಹೋದದ್ದಕ್ಕೆ ಸಾಕ್ಷಿ ಯಾರು?

ಬೈಲಹೊಂಗಲದ ಹೆಣ್ಣುಮಗಳೊಬ್ಬಳನ್ನು ರಾಮದುರ್ಗಕ್ಕೆ ಕೊಟ್ಟಿದೆ ಎನ್ನಿ. ಗರ್ಭಿಣಿಯೆಂದು ಅವಳ ಹೆಸರು ಏರುವುದು ಗಂಡನ ಊರಿನ ದಾಖಲೆಯಲ್ಲಿ; ಚೊಚ್ಚಲ ಹೆರಿಗೆಗೆ ಅವಳು ಬರುವುದು ತವರಿಗೆ. ಹಡೆದ ಮೇಲೆ ಕೂಸನ್ನು ನೋಡಲು ಬರುವವಳು ತವರೂರಿನ ಆಶಾ ಕಾರ್ಯಕರ್ತೆ. ಆಕೆ ಬಂದದ್ದು ಬಾಣಂತಿಗೆ ಗೊತ್ತು, ಅವಳ ತಾಯಿಗೆ ಗೊತ್ತು, ಕಟ್ಟೆಯ ಮೇಲೆ ಕುಳಿತ ಮುದುಕರಿಗೂ ಗೊತ್ತು. ಗೊತ್ತಾಗಬೇಕಾದದ್ದು ಗಣಕಯಂತ್ರಕ್ಕೆ ಮಾತ್ರ. ಅದಕ್ಕೆ ಗೊತ್ತಾಗದಿದ್ದರೆ ದುಡಿದದ್ದು ದುಡಿಮೆಯಲ್ಲ!

2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ನಾಲ್ಕು ದಿನ ಚಳಿಯಲ್ಲಿ ಕುಳಿತ ಆಶಾ ಕಾರ್ಯಕರ್ತೆಯರು ಕೇಳಿದ್ದರಲ್ಲಿ ಇದೂ ಒಂದು: ನಮ್ಮ ಪ್ರೋತ್ಸಾಹಧನವನ್ನು ಆರ್.ಸಿ.ಎಚ್. ಪೋರ್ಟಲ್ಲಿಗೆ ಗಂಟು ಹಾಕಬೇಡಿರಿ. ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಅವರು ಎದ್ದುಹೋದರು. ನಾವು ಪೇಟೆಯ ಓದುಗರು ಆ ಹತ್ತು ಸಾವಿರವನ್ನು ಚರ್ಚಿಸಿದೆವು. ಗಂಟಿನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಸುಳ್ಳು ದಾಖಲೆ ಬರೆಯುವವರೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಹಾಜರಿಪುಸ್ತಕದ ಮಹಿಮೆಯನ್ನು ಕಾಲೇಜಿನ ಮಾಸ್ತರನಾದ ನಾನು ಚೆನ್ನಾಗಿಯೇ ಬಲ್ಲೆ! ಆದರೆ ಪರೀಕ್ಷಿಸಬೇಕಾದದ್ದು ಏನನ್ನು? ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28, 42ನೆಯ ದಿನಗಳಂದು ಮನೆಗೇ ಹೋಗಿ ನೋಡಬೇಕು. ತೂಕ ಮಾಡಬೇಕು, ಮೈಬಿಸಿ ನೋಡಬೇಕು, ಮೊಲೆಯುಣ್ಣುತ್ತದೆಯೇ ಎಂದು ಕುಳಿತು ಗಮನಿಸಬೇಕು. ನಿಮಿಷಕ್ಕೆ ಅರವತ್ತು ಉಸಿರು ದಾಟಿದರೆ ಅಪಾಯವೆಂದು ತಿಳಿಯಬೇಕು. 2011ರಲ್ಲಿ ಈ ಏರ್ಪಾಡು ಬಂದಾಗ ಆರೂ ಭೇಟಿಗೆ ಸೇರಿ ಗೊತ್ತುಮಾಡಿದ ಪ್ರತಿಫಲ 250 ರೂಪಾಯಿ. ಆಕೆಯ ಕಾಲು ಹೊಸ್ತಿಲು ದಾಟಿತೆಂಬುದನ್ನು ಯಂತ್ರ ಹೇಳೀತು. ಕಣ್ಣು ಕೂಸಿನ ಎದೆಗೂಡಿನ ಮೇಲಿತ್ತೋ ಮೊಬೈಲಿನ ಮೇಲಿತ್ತೋ ಎಂಬುದನ್ನು ಹೇಳಲಾರದು.

ಅಮೆರಿಕದಲ್ಲಿ 2016ರ ಶಾಸನವೊಂದು ಮನೆಗೆ ಹೋಗಿ ಸೇವೆ ಮಾಡುವವರು ಯಾರಿಗೆ, ಯಾವ ಸೇವೆ, ಎಲ್ಲಿ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಮಾಡಿದರೆಂಬುದನ್ನೆಲ್ಲ ವಿದ್ಯುನ್ಮಾನದಿಂದ ದೃಢಪಡಿಸಬೇಕೆಂದು ಕಟ್ಟುಮಾಡಿತು. ಅಲ್ಲಿಯ ಅಂಗವಿಕಲರೇ ಇದನ್ನು ವಿರೋಧಿಸಿದರು: ಸೇವಕಿಯ ಬೆನ್ನು ಹತ್ತಿದ ಯಂತ್ರ ನಮ್ಮ ಬೆನ್ನನ್ನೂ ಹತ್ತುತ್ತದೆ ಎಂದು. ನಾವಾದರೋ ಅಂಥದನ್ನು ತಂದರೆ ಪ್ರಗತಿಯೆನ್ನುತ್ತೇವೆ.

ಅಷ್ಟು ದೂರವೇಕೆ, ನೆರೆಯ ಮಹಾರಾಷ್ಟ್ರವನ್ನೇ ನೋಡಬಹುದು. ಗಡಚಿರೋಲಿಯಲ್ಲಿ ಅಭಯ ಬಂಗ, ರಾಣಿ ಬಂಗ ದಂಪತಿಗಳು ಹಳ್ಳಿಯ ಹೆಣ್ಣುಮಕ್ಕಳನ್ನೇ ತರಬೇತುಗೊಳಿಸಿ ಹಸುಗೂಸುಗಳ ಸಾವನ್ನು ತಗ್ಗಿಸಿದ ಸಂಗತಿ 1999ರಲ್ಲಿ ಲೋಕಕ್ಕೆ ತಿಳಿಯಿತು. ಈ ಮನೆಭೇಟಿಯ ಪದ್ಧತಿಗೆ ಮೂಲವೇ ಅದು. ಅಲ್ಲಿಯೂ ತಪಾಸಣೆಯಿತ್ತು, ಆದರೆ ತಪಾಸಣೆಗೆ ವೈದ್ಯರೇ ಊರಿಗೆ ಬರುತ್ತಿದ್ದರು, ಬರೆದದ್ದನ್ನು ಪರೀಕ್ಷಿಸಿ ತಪ್ಪಿದ್ದಲ್ಲಿ ತಿದ್ದಿ ಕಲಿಸುತ್ತಿದ್ದರು. ನಾವು ಭೇಟಿಯನ್ನು ಅಲ್ಲಿಂದ ತಂದೆವು, ಆ ಮೇಲ್ವಿಚಾರಕರನ್ನು ಅಲ್ಲಿಯೇ ಬಿಟ್ಟುಬಂದೆವು.

ಮೇಲಧಿಕಾರಿಗಳು ತಿಂಗಳಿಗೆ ನಾಲ್ಕು ಮನೆಗಾದರೂ ಹೋಗಿ ಬಾಣಂತಿಯನ್ನೇ ಕೇಳಲಿ: ಬಂದಿದ್ದಳೇ, ಕೂಸನ್ನು ತೂಗಿದಳೇ? ಸುಳ್ಳಾದರೆ ದಂಡ ಹಾಕಲಿ. ಅಲ್ಲಿಯವರೆಗೆ ಪೋರ್ಟಲ್ಲಿನ ತಕರಾರು ಪೋರ್ಟಲ್ಲಿನವರ ಪಾಲಿಗಿರಲಿ. ಸವದತ್ತಿಯ ಎರೆಮಣ್ಣು ತುಳಿದು ಹೋದವಳ ದುಡ್ಡು ಆ ತಿಂಗಳೇ ಆಕೆಯ ಕೈ ಸೇರಲಿ.