ಮೀಟಿಂಗ್ ಫೋನಿನ್ಯಾಗ ಆಗಲಿ, ಠರಾವು ಊರಾಗ ಆಗಲಿ



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ನಮ್ಮ ಹುಡುಗರು ಈಗ ಪುಣೆ, ಬೆಂಗಳೂರು, ದುಬೈಯೊಳಗ ಅದಾರ. ಒಬ್ಬಿಬ್ಬರು ಕ್ಯಾಲಿಫೋರ್ನಿಯಾಕ್ಕೂ ಮುಟ್ಟ್ಯಾರ. ಎಲ್ಲಾರೂ ಒಂದೇ ವಾಟ್ಸಾಪ್ ಗ್ರೂಪಿನ್ಯಾಗ ಇರೋದು ಹೆಮ್ಮೆಯ ವಿಷಯ. ಕಂಪನಿಯವರು ಹಿಂಗ ದೂರ ದೂರ ಕೂತು ಕೆಲಸ ಮಾಡೋರಿಗೆ ರಿಮೋಟ್ ಟೀಮ್ ಅಂತಾರ, ಅದಕ್ಕ ನಿಯಮ ಬರಕೊಂಡಾರ. ನಮ್ಮದು ಪಗಾರ ಇಲ್ಲದ ರಿಮೋಟ್ ಟೀಮ್. ನಿಯಮ ಮಾತ್ರ ಒಂದೂ ಇಲ್ಲ. ನಿಯಮ ಇಲ್ಲದ ಕಡೆ ಯಾರ ಮಾತು ನಡೀತೈತಿ? ಒಳ್ಳೆ ಫೋನ್ ಇದ್ದವರದು, ಇಂಗ್ಲಿಷ್ ಬಂದವರದು, ರಾತ್ರಿ ಪುರುಸೊತ್ತು ಇದ್ದವರದು.

ಮೊದಲು ಹೊತ್ತಿನ ವಿಷಯ ನೋಡ್ರಿ. ಆನ್‌ಲೈನ್ ಮೀಟಿಂಗ್ ರಾತ್ರಿ 9ಕ್ಕ ಇಡ್ತಾರ. ಆಗ ದುಬೈಯಲ್ಲಿ ಸಂಜೆ 7:30, ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಾದರೆ ಬೆಳಗ್ಗೆ 8:30, ಚಳಿಗಾಲವಾದರೆ 7:30. ಅವರಿಗೆ ಅನುಕೂಲ. ನಸುಕಿನ್ಯಾಗ ಕಬ್ಬು ಕಡಿಯಾಕ ಹೋಗೋ ಅಕ್ಕಾಗ? ಬೆಳಕು ಹರಿಯೂದ್ರಾಗ ಕಸಬರಿಗಿ ಹಿಡಿಯೋ ಪೌರಕಾರ್ಮಿಕ ಅಣ್ಣಾಗ? ಹುಕ್ಕೇರಿ ತಾಲೂಕಿಗೆ ಸಹಕಾರಿ ಸೊಸೈಟಿ ಕರೆಂಟು, ಗೋಕಾಕ-ಮೂಡಲಗಿಗೆ ಹೆಸ್ಕಾಂ ಕರೆಂಟು. ಅದು ಹೋಗೋ ಹೊತ್ತೂ ಬ್ಯಾರೆ ಬ್ಯಾರೆ. ಬೆಳಗ್ಗೆ ಎದ್ದು ನೋಡಿದ್ರ ಗ್ರೂಪಿನ್ಯಾಗ ಒಂದೇ ಸಾಲು: "ನಿರ್ಧಾರ ಆಗಿದೆ, ಸಹಕರಿಸಿ."

ಇದು ಬರೀ ಬೇಜಾರಿನ ಮಾತಲ್ಲ. ಅಟ್ರಾಸಿಟಿ ಕೇಸಿನ್ಯಾಗ ಇದು ಜೀವದ ಪ್ರಶ್ನೆ. ಹೊಡೆತ ತಿಂದವರ ಮನಿ ಅದೇ ಊರಾಗ ಇರ್ತೈತಿ. ಅವರ ಕೂಲಿ, ಕುಡಿಯೋ ನೀರು, ಕಿರಾಣಿ ಉದ್ರಿ ಎಲ್ಲಾ ಅಲ್ಲೇ. ದೂರ ಇದ್ದವರು "ಈಗಲೇ ವಿಡಿಯೋ ಹಾಕ್ರಿ, ಟ್ರೆಂಡ್ ಮಾಡೋಣ" ಅಂತಾರ. ವಿಡಿಯೋ ಓಡ್ತೈತಿ. ಮರುದಿನ ಕೂಲಿ ಬಂದ್ ಆಗೋದು ಯಾರದು? ಸಾಮಾಜಿಕ, ಆರ್ಥಿಕ ಬಹಿಷ್ಕಾರ ಅಪರಾಧ ಅಂತ 1989ರ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ ಸೇರಿಸ್ಯಾರ. ಸಾಕ್ಷಿಗಳ ರಕ್ಷಣೆಗೆ ಒಂದು ಅಧ್ಯಾಯವೇ ಐತಿ. ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ, 60 ದಿನದೊಳಗ ಚಾರ್ಜ್‌ಶೀಟ್ ಆಗಬೇಕು. ಆದರೆ ಅರ್ಜಿ ಹಿಡಕೊಂಡು ಠಾಣೆಗೆ, ಡಿವೈಎಸ್‌ಪಿ ಆಫೀಸಿಗೆ, ಬೆಳಗಾವಿ ಡಿಸಿ ಕಚೇರಿಗೆ ಬಸ್ ಹತ್ತೋದು ಊರಿನ ಕಾರ್ಯಕರ್ತೆ. ಆಕಿ ಮಾತು ಕಡೀಗೆ ಬರ್ತೈತಿ, ಇಲ್ಲಾಂದ್ರ ಬರೂದೇ ಇಲ್ಲ.

ಹಂಗಂತ ದೂರ ಇದ್ದವರು ಬ್ಯಾಡ ಅಂತಲ್ಲ. ಅಲ್ಲಿಯೂ ಜಾತಿ ಅವರನ್ನ ಬಿಟ್ಟಿಲ್ಲ. ಬಿಟ್ಟಿದ್ರ 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸೋ ಕಾನೂನು ಯಾಕ ಮಾಡಬೇಕಿತ್ತು? ಬಾಬಾಸಾಹೇಬರೇ ದೂರದಿಂದ ಚಳವಳಿ ನಡೆಸಿದವರು. 1920ರ ಜನವರಿ 31ಕ್ಕೆ 'ಮೂಕನಾಯಕ' ಶುರು ಮಾಡಿ, ಅದೇ ವರ್ಷ ಓದಾಕ ಲಂಡನ್ನಿಗೆ ಹೋದರು. ಮುಂಬೈಯಲ್ಲಿ ಬೇರೆಯವರು ಪತ್ರಿಕೆ ನಡೆಸಿದರು. ದುಡ್ಡಿನ ತಾಪತ್ರಯದಲ್ಲಿ ಅದು 1923ರಲ್ಲಿ ನಿಂತಿತು. ತಿರುಗಿ ಬಂದವರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು: ಕಾರ್ಯದರ್ಶಿ, ಸದಸ್ಯರು, ಲೆಕ್ಕ ಎಲ್ಲಾ ಇದ್ದ ಸಂಸ್ಥೆ. ಮುಂದಿನ ವರ್ಷ ನಮ್ಮ ನಿಪ್ಪಾಣಿಗೂ ಬಂದರು. ವಿಚಾರ ಸಮುದ್ರ ದಾಟಿ ಬರ್ತೈತಿ. ಅದನ್ನ ನಡೆಸೋ ಅಧಿಕಾರ ಮತ್ತ ದುಡ್ಡು ಇಲ್ಲೇ ಇರಬೇಕು.

ನಾನು ಕಚೇರಿಯ ಗುಮಾಸ್ತ. ಕಚೇರಿಯ ಕೆಟ್ಟ ಚಟ ನಮಗ ಬ್ಯಾಡ. ಆದರೆ ಆವಕ-ಜಾವಕ ವಹಿ ಬೇಕು: ಏನು ಬಂತು, ಏನು ಹೋತು, ಯಾರು ಹೂಂ ಅಂದ್ರು, ಎಲ್ಲಾ ಬರವಣಿಗ್ಯಾಗ. ಅದಕ್ಕ ಈ ಐದು ನಿಯಮ.

ಒಂದು: ಕಾಲ್‌ನಲ್ಲಿ ಚರ್ಚೆ ಮಾತ್ರ. ಪ್ರಸ್ತಾಪ ಕನ್ನಡದಲ್ಲಿ ಬರೆದು ಗ್ರೂಪಿಗೆ ಹಾಕಬೇಕು, ಎರಡು ದಿನ ಕಾಯಬೇಕು. ಓದು-ಬರಹ ಬಾರದವರ ವಾಯ್ಸ್ ಮೆಸೇಜೂ ಬರಹದಷ್ಟೇ ಲೆಕ್ಕ. ಸುಮ್ಮನಿದ್ದರ ಒಪ್ಪಿಗೆ ಅಂತ ಹಿಡೀಬಾರದು. ಎಫ್‌ಐಆರ್, ದವಾಖಾನಿ ಅಂತ ಅರ್ಜೆಂಟ್ ಬಂದ್ರ ಸ್ಥಳದಾಗ ಇದ್ದವರೇ ನಿರ್ಧಾರ ಮಾಡಲಿ, ಯಾರನ್ನೂ ಕೇಳೂದು ಬ್ಯಾಡ.

ಎರಡು: ನೊಂದವರನ್ನ ಎದುರಿಗೆ ಕುಂತು ಕೇಳದೆ ಅವರ ಹೆಸರು, ಫೋಟೋ, ವಿಡಿಯೋ ಎಲ್ಲೂ ಹಾಕಬಾರದು. ಕೇಳೋದು ಊರಿನ ಕಾರ್ಯಕರ್ತರ ಕೆಲಸ.

ಮೂರು: ಮೀಟಿಂಗ್ ಸಂಜೆ 7ಕ್ಕ ಇರಲಿ. ಕ್ಯಾಲಿಫೋರ್ನಿಯಾದವರು ಬೇಸಿಗೆಯಲ್ಲಿ 6:30ಕ್ಕ, ಚಳಿಗಾಲದಲ್ಲಿ 5:30ಕ್ಕ ಏಳಬೇಕಾಗ್ತೈತಿ. ಏಳಲಿ. ನಮ್ಮ ಅಕ್ಕ ದಿನಾ 4ಕ್ಕ ಏಳ್ತಾಳ. ಆ ಹೊತ್ತಿಗೆ ರೊಟ್ಟಿ ಬಡಿಯೋರು ಯಾರು ಅಂತ ಗಂಡಸರು ಕೇಳಬ್ಯಾಡ್ರಿ, ಬಡೀರಿ.

ನಾಲ್ಕು: ಓಡಾಡೋರ ಬಸ್ ಖರ್ಚು, ರೀಚಾರ್ಜ್, ಕಳಕೊಂಡ ಕೂಲಿ ಮೊದಲು ಕೊಡಬೇಕು. "ಸೇವೆ" ಅಂತ ಹೇಳಿ ಬಡವರ ದಗದಾನ ಪುಕ್ಕಟೆ ಮಾಡಬಾರದು. ಹೊರದೇಶದಿಂದ ದುಡ್ಡು ಬಂದ್ರ ಎಚ್ಚರ ಇರಲಿ. ಭಾರತದ ಪಾಸ್‌ಪೋರ್ಟ್ ಇದ್ದವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡವರು ಕೊಟ್ಟದ್ದು ಎಫ್‌ಸಿಆರ್‌ಎ ಅಡಿ ಬರ್ತೈತಿ. ಪಾವತಿ ಇಲ್ಲದೆ ಒಂದು ರೂಪಾಯಿನೂ ತಗೋಬ್ಯಾಡ್ರಿ.

ಐದು: ಠರಾವು ಪುಸ್ತಕ ತಾಲೂಕಿನಲ್ಲೇ ಇರಲಿ. ಯಾವ ಊರಿನ ಕೇಸೋ ಆ ತಾಲೂಕಿನವರದೇ ಕಡೀ ಮಾತು. ದೂರ ಇದ್ದವರು ಸಲಹೆ ಕೊಡ್ರಿ, ಇಂಗ್ಲಿಷ್ ಅರ್ಜಿ ಬರದು ಕೊಡ್ರಿ, ವಕೀಲರನ್ನ ಹುಡುಕ್ರಿ. ಬಹಳ ಉಪಕಾರ ಆಗ್ತೈತಿ.

"ಇಷ್ಟೆಲ್ಲಾ ಮಾಡಿದ್ರ ಕೆಲಸ ನಿಧಾನ ಆಗ್ತೈತಿ" ಅಂತ ಕೆಲವರು ಅಂತಾರ. ಎರಡು ದಿನ ನಿಧಾನ ಆಗಲಿ. ವಾಟ್ಸಾಪಿನ ಮೆಸೇಜ್ ಡಿಲೀಟ್ ಮಾಡಬಹುದು, ಒಂದು ಕುಟುಂಬ ಊರು ಬಿಟ್ಟು ಹೋದರೆ ತಿರುಗಿ ಕರಕೊಂಡು ಬರೋದು ಸುಲಭ ಅಲ್ಲ.

ಏಪ್ರಿಲ್ 14ರ ತಯಾರಿ ಮೀಟಿಂಗ್‌ನಿಂದಲೇ ಇದನ್ನ ಚಾಲೂ ಮಾಡೋಣ. ಮೂರೂ ತಾಲೂಕಿನವರು ಒಂದೊಂದು ಠರಾವು ಪುಸ್ತಕ ತರ್ರಿ. ತಕರಾರು ಇದ್ದವರು ಕೆಳಗ ಬರೀರಿ, ಕನ್ನಡದಾಗ.

ಜೈ ಭೀಮ್.