ಕೈಗೆ ಕೂಲಿ, ಮನಸ್ಸಿಗೆ ಮಾತು



ಸಾರು ಚೆನ್ನಾಗಿದ್ದ ದಿನ ಮನೆಯಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಉಪ್ಪು ಒಂದು ಕಾಳು ಹೆಚ್ಚಾಯಿತೋ, ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಮಾತೇ ಮಾತು! ನಿಮ್ಮ ಮನೆಯಲ್ಲೂ ಹೀಗೇ ತಾನೆ? "ಇವತ್ತಿನ ಅಡಿಗೆ ಹದವಾಗಿತ್ತು ಕಣೇ" ಎಂಬ ಒಂದು ಮಾತಿಗಾಗಿ ನಾವು ಎಷ್ಟು ವರ್ಷ ಕಾದಿಲ್ಲ! ಹಾಗೆ ಕಾದವರೇ ನಾಲ್ಕು ಜನರಿಗೆ ಕೆಲಸ ಕೊಡುವ ಯಜಮಾನಿಯರಾದಾಗ ಏನು ಮಾಡುತ್ತೇವೆ? ನನ್ನದೇ ಸಂಗತಿ ಹೇಳುತ್ತೇನೆ, ಕೇಳಿ.

ಏಳು ವರ್ಷದಿಂದ ಮನೆಯಲ್ಲೇ ಹಪ್ಪಳ, ಸಂಡಿಗೆ, ಚಟ್ನಿಪುಡಿ ಮಾಡಿ ಮಾರುತ್ತಿದ್ದೇನೆ. ಮೂವರು ಹೆಂಗಸರು ಸಹಾಯಕ್ಕೆ ಬರುತ್ತಾರೆ. ಅವರಲ್ಲಿ ಹಿಂದಿನ ಬೀದಿಯವಳೊಬ್ಬಳ ಕೈ ಬಂಗಾರದ ಕೈ. ಉದ್ದಿನಬೇಳೆ ಹುರಿಯುವಾಗ ಬಣ್ಣ ನೋಡುವುದಿಲ್ಲ, ವಾಸನೆಯಲ್ಲೇ ಹದ ಹಿಡಿಯುತ್ತಾಳೆ. ಊರವರು "ನಿಮ್ಮ ಚಟ್ನಿಪುಡಿ ಅಂದ್ರೆ ನಿಮ್ಮದೇ ರೀ" ಎಂದಾಗ ನಾನು ಉಬ್ಬಿಹೋಗುತ್ತಿದ್ದೆ. ಹುರಿದವಳು ಯಾರೆಂದು ಒಮ್ಮೆಯೂ ಹೇಳಿದವಳಲ್ಲ.

ಹೋದ ದೀಪಾವಳಿಗೆ ದೊಡ್ಡ ಆರ್ಡರು ಬಂತು. ಅವಳು ರಾತ್ರಿ ಹನ್ನೊಂದರವರೆಗೆ ಕೂತು ಪೊಟ್ಟಣ ಕಟ್ಟಿದಳು. ನಾನು ತೂಕ ನೋಡಿ, "ಎರಡರಲ್ಲಿ ಕಡಿಮೆ ಇದೆಯಲ್ಲೇ" ಅಂದೆ. ಅಷ್ಟೇ. ಮಾರನೆಯ ದಿನದಿಂದ ಅವಳು ಬರಲಿಲ್ಲ. ಹತ್ತು ದಿನ ಕಾದು ನಾನೇ ಅವಳ ಮನೆಗೆ ಹೋದೆ. "ಅಕ್ಕಾ, ಕೂಲಿ ಒಂದು ದಿನವೂ ನಿಲ್ಲಿಸಿಲ್ಲ ನೀವು. ಆದರೆ ಏಳು ವರ್ಷದಲ್ಲಿ ಒಂದು ದಿನ ಚೆನ್ನಾಗಿದೆ ಅಂದಿಲ್ಲ" ಎಂದಳು. ನನಗೆ ನಮ್ಮ ಮನೆಯ ಊಟದ ಪಂಕ್ತಿಯೇ ಕಣ್ಣೆದುರು ಬಂತು. ತಲೆ ತಗ್ಗಿಸಿದೆ.

ಆಗ ಇಂದ್ರಾ ನೂಯಿಯವರ ವಿಷಯ ನೆನಪಾಯಿತು. ಮದರಾಸಿನಲ್ಲಿ ಹುಟ್ಟಿ ಬೆಳೆದ ಈಕೆ 2006ರಲ್ಲಿ ಅಮೆರಿಕದ ಪೆಪ್ಸಿಕೋ ಕಂಪನಿಯ ಮುಖ್ಯಸ್ಥೆಯಾದರು, 2018ರವರೆಗೂ ಆ ಸ್ಥಾನದಲ್ಲಿದ್ದರು. ಮುಖ್ಯಸ್ಥೆಯಾದ ಹೊಸತರಲ್ಲಿ ತಾಯಿಯನ್ನು ನೋಡಲು ಬಂದಾಗ, ಮನೆಗೆ ಬಂದ ನೆಂಟರಿಷ್ಟರು ಇವರಿಗೊಂದು ನಮಸ್ಕಾರ ಹೇಳಿ, ನೇರ ತಾಯಿಯ ಬಳಿ ಹೋಗಿ "ಮಗಳನ್ನು ಎಷ್ಟು ಚೆನ್ನಾಗಿ ಬೆಳೆಸಿದಿರಿ" ಎಂದು ಹೊಗಳಿದರಂತೆ. ಹೊಗಳಿಕೆ ಸಲ್ಲಬೇಕಾದ್ದು ಅಲ್ಲಿಗೇ ಎಂದು ಆಕೆಗೆ ಹೊಳೆಯಿತು. ಹಿಂತಿರುಗಿದ ಮೇಲೆ ತಮ್ಮ ಕೈಕೆಳಗಿನ ಹಿರಿಯ ಅಧಿಕಾರಿಗಳ ತಂದೆತಾಯಿಗಳಿಗೆ ಕಾಗದ ಬರೆಯತೊಡಗಿದರು. ನಿಮ್ಮ ಮಗ, ನಿಮ್ಮ ಮಗಳು ನಮ್ಮಲ್ಲಿ ಇಂಥ ಕೆಲಸ ಮಾಡುತ್ತಿದ್ದಾರೆ, ಅಂಥವರನ್ನು ನಮಗೆ ಕೊಟ್ಟಿದ್ದಕ್ಕೆ ವಂದನೆಗಳು ಎಂದು. ವರ್ಷಕ್ಕೆ ನಾನೂರಕ್ಕೂ ಹೆಚ್ಚು ಕಾಗದ!

ಅಷ್ಟು ದೊಡ್ಡ ಕಂಪನಿ ನಡೆಸುವವರಿಗೆ ಪುರುಸೊತ್ತು ಇತ್ತು, ಮೂವರನ್ನು ಇಟ್ಟುಕೊಂಡ ನನಗಿರಲಿಲ್ಲ! ಅಂದೇ ಕೂತು ಹಳ್ಳಿಯಲ್ಲಿರುವ ಅವಳ ತಾಯಿಗೆ ಕಾಗದ ಬರೆದೆ. "ನೀವು ಕಲಿಸಿದ ಹುರಿಯುವ ಹದದಿಂದ ನಮ್ಮ ಪುಡಿಗೆ ಹೆಸರು ಬಂದಿದೆ" ಎಂದು. ಪಕ್ಕದ ಮನೆಯ ಹುಡುಗನಿಂದ ಆಕೆ ಅದನ್ನು ಮೂರು ಸಲ ಓದಿಸಿ ಕೇಳಿದರಂತೆ.

ಮಗಳು ತಿರುಗಿ ಬಂದಳು. ಬಂದವಳು ಸೆರಗು ಸಿಕ್ಕಿಸುತ್ತಾ, "ಕಾಗದ ಚೆನ್ನಾಗಿತ್ತು ಅಕ್ಕಾ. ಹಬ್ಬದ ರಾತ್ರಿ ಹೆಚ್ಚಿಗೆ ಕೂತ ಹೊತ್ತಿನ ದುಡ್ಡು?" ಅಂದಳು! ನಗು ಬಂತು, ನಾಚಿಕೆಯೂ ಆಯಿತು. ಒಡನೆ ಎಣಿಸಿ ಕೊಟ್ಟೆ. ಕೂಲಿ ಉಳಿಸಿಕೊಂಡು ಹೊಗಳಿದರೆ ಅದು ಕೃತಜ್ಞತೆಯಲ್ಲ, ಬರಿಯ ಬೆಣ್ಣೆ ಹಚ್ಚುವುದು.

ಲಿಜ್ಜತ್ ಹಪ್ಪಳದವರನ್ನು ನೋಡಿ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಒತ್ತಿದರು. ಅಲ್ಲಿ ಹಪ್ಪಳ ಒತ್ತುವವಳು ಆಳಲ್ಲ, 'ಸೋದರಿ'. ಲಾಭದಲ್ಲಿ ಅವಳಿಗೂ ಪಾಲು. ಆ ಏಳು ಜನರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಬಾಯಿಮಾತಿನ ಜೊತೆಗೆ ಪಾಲನ್ನೂ ಕೊಡುವುದು ಎಲ್ಲಕ್ಕಿಂತ ದೊಡ್ಡ ಕೃತಜ್ಞತೆ.

ನಮ್ಮಲ್ಲಿ ಒಳಗಿನವರಿಗೆ 'ಧನ್ಯವಾದ' ಎಂದರೆ ದೂರ ಮಾಡಿದ ಹಾಗೆ ಕೇಳಿಸುತ್ತದೆ. ಆ ಶಬ್ದ ಬೇಡವೇ ಬೇಡ ಬಿಡಿ. ನಾನು ಈಗ ಪಾಲಿಸುತ್ತಿರುವ ನಾಲ್ಕು ವಿಷಯ ಇವು:

1. ಸುಮ್ಮನೆ "ಚೆನ್ನಾಗಿದೆ" ಎನ್ನದೆ, ಏನು ಚೆನ್ನಾಗಿದೆ ಎಂದು ಹೇಳಿ. "ನಿನ್ನೆಯ ಸಂಡಿಗೆ ಒಂದೂ ಒಡೆದಿಲ್ಲ" ಎಂದರೆ ಮಾಡಿದವಳ ಮುಖ ಅರಳುತ್ತದೆ.

2. ಹೊಗಳಿದ ಬಾಲಕ್ಕೆ "ಆದರೆ..." ಕಟ್ಟಬೇಡಿ. ತಪ್ಪು ತಿದ್ದುವುದಿದ್ದರೆ ಬೇರೆ ಹೊತ್ತಿನಲ್ಲಿ, ಒಬ್ಬಳೇ ಇದ್ದಾಗ ತಿದ್ದಿ.

3. ಗಿರಾಕಿ ಮೆಚ್ಚಿದರೆ, ಮಾಡಿದವಳ ಹೆಸರನ್ನು ಅವಳೆದುರಿಗೇ ಹೇಳಿ.

4. ಕೂಲಿ ಹೇಳಿದ ದಿನಕ್ಕೆ ಕೊಡಿ, ಹೆಚ್ಚಿನ ಹೊತ್ತಿನದನ್ನು ಅವಳು ಕೇಳುವ ಮೊದಲೇ ಕೊಡಿ.

ಮೆಚ್ಚುಗೆಯೂ ಉಪ್ಪಿನ ಹಾಗೆ. ಸುರಿದರೆ ಕೆಡುತ್ತದೆ, ಮರೆತರೆ ಸಪ್ಪೆ. ಕೈಯಳತೆ ನಮಗೆ ಗೊತ್ತೇ ಇದೆಯಲ್ಲ!

ಅಂದ ಹಾಗೆ, ಮೊನ್ನೆ ಊಟಕ್ಕೆ ಕೂತಾಗ ನಮ್ಮ ಮನೆಯವರು ಚಟ್ನಿಪುಡಿ ಕಲಸಿಕೊಂಡು, "ಇದು ಯಾರು ಹುರಿದದ್ದು?" ಎಂದು ಕೇಳಿದರು. ಹೆಸರು ಹೇಳಿದೆ. ಸಾರಿನ ಬಗ್ಗೆ ಮಾತ್ರ ಇನ್ನೂ ಕಾಯುತ್ತಿದ್ದೇನೆ!